ಓದಿಸಿಕೊಳ್ಳುವ ನಕ್ಷೆ: ಖಾಲಿ ಹಾಳೆಯಿಂದ ಅಚ್ಚಿನವರೆಗೆ

ನಕ್ಷೆ ತಯಾರಿಸುವ ಸಾಧನಗಳು ಈಗ ಯಾರಿಗೆ ಬೇಕಾದರೂ ಸಿಗುತ್ತವೆ. ಕ್ಯುಜಿಐಎಸ್‌ನಂಥ ಮುಕ್ತ ತಂತ್ರಾಂಶ ಉಚಿತವಾಗಿದೆ. ರಸ್ತೆ, ನದಿ, ಕಟ್ಟಡಗಳ ದತ್ತಾಂಶವನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಇಳಿಸಿಕೊಳ್ಳಬಹುದು. ಆದರೂ ವರದಿಗಳಲ್ಲಿ, ಪ್ರಬಂಧಗಳಲ್ಲಿ, ಸೂಚನಾ ಫಲಕಗಳಲ್ಲಿ ಕಾಣುವ ಎಷ್ಟೋ ನಕ್ಷೆಗಳನ್ನು ಓದುವುದು ಕಷ್ಟ. ದತ್ತಾಂಶ ಸರಿಯಾಗಿಯೇ ಇರುತ್ತದೆ, ಬೇಕಾದದ್ದೆಲ್ಲ ಹಾಳೆಯ ಮೇಲೆ ಇರುತ್ತದೆ, ಆದರೆ ಯಾವುದನ್ನು ಮೊದಲು ನೋಡಬೇಕೆಂದು ಕಣ್ಣಿಗೆ ಹೊಳೆಯುವುದಿಲ್ಲ. ನಕ್ಷೆಯ ವಿನ್ಯಾಸವೆಂದರೆ ನನ್ನ ಮಟ್ಟಿಗೆ ಇಷ್ಟೇ: ಹಾಳೆಯ ಮೇಲಿರುವ ಪ್ರತಿಯೊಂದಕ್ಕೂ ಅದರ ಮಹತ್ವಕ್ಕೆ ತಕ್ಕ ಸ್ಥಾನ ಕೊಡುವುದು. ಬಣ್ಣ, ಗೆರೆ, ಅಕ್ಷರ, ಖಾಲಿ ಜಾಗ ಎಲ್ಲವೂ ಆ ಕೆಲಸಕ್ಕೆ ಒದಗಬೇಕಾದ ಉಪಕರಣಗಳು.

ಹಂತಗಳನ್ನು ವಿವರಿಸಲು ಒಂದು ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ನದಿಯ ದಂಡೆಯ ಮೇಲೊಂದು ಸಣ್ಣ ಪಟ್ಟಣವಿದೆ. ಪ್ರವಾಹ ಬಂದಾಗ ಜನರು ಎಲ್ಲಿಗೆ, ಯಾವ ದಾರಿಯಲ್ಲಿ ಹೋಗಬೇಕೆಂದು ತಿಳಿಸುವ ನಕ್ಷೆಯನ್ನು ನಾವು ತಯಾರಿಸಬೇಕು.

ಮೊದಲು ಪ್ರಶ್ನೆ, ಆಮೇಲೆ ತಂತ್ರಾಂಶ

ಕಂಪ್ಯೂಟರ್ ಮುಂದೆ ಕೂರುವ ಮೊದಲು, ಈ ನಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ‘ಪಟ್ಟಣದ ನಕ್ಷೆ’ ಎಂದು ಬರೆದರೆ ಅದು ಪ್ರಶ್ನೆಯಾಗುವುದಿಲ್ಲ. ‘ನನ್ನ ಬೀದಿಯಿಂದ ಹತ್ತಿರದ ಆಶ್ರಯ ತಾಣಕ್ಕೆ ನೀರಿನಲ್ಲಿ ಮುಳುಗದ ದಾರಿ ಯಾವುದು?’ ಎಂದು ಬರೆದರೆ ಅರ್ಧ ಕೆಲಸ ಮುಗಿದಂತೆ. ಆಶ್ರಯ ತಾಣಗಳು, ಮುಳುಗುವ ಪ್ರದೇಶ, ಮುಳುಗದ ರಸ್ತೆಗಳು, ತನ್ನ ಬೀದಿಯನ್ನು ಗುರುತಿಸಲು ಬೇಕಾದ ಹೆಸರುಗಳು: ಈ ನಾಲ್ಕು ಬೇಕು. ವಾರ್ಡುಗಳ ಗಡಿ, ಬೆಳೆಗಳ ವಿವರ, ಮಣ್ಣಿನ ಬಗೆ ದತ್ತಾಂಶದಲ್ಲಿ ಇದ್ದರೂ ಬೇಡ.

1854ರಲ್ಲಿ ಲಂಡನ್ನಿನ ಸೋಹೋ ಭಾಗದಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ ಮಾಡಿದ ನಕ್ಷೆ ಇಂದಿಗೂ ಪಾಠವಾಗಿ ಉಳಿದಿದೆ. ಅದರಲ್ಲಿ ಮುಖ್ಯವಾಗಿ ಇರುವುದು ಬೀದಿಗಳು, ನೀರಿನ ಪಂಪುಗಳು, ಸಾವು ಸಂಭವಿಸಿದ ಮನೆಗಳ ಬಳಿ ಒಂದರ ಮೇಲೊಂದು ಪೇರಿಸಿದ ಸಣ್ಣ ಕಪ್ಪು ಪಟ್ಟಿಗಳು. ಬ್ರಾಡ್ ಸ್ಟ್ರೀಟಿನ ಪಂಪಿನ ಸುತ್ತ ಆ ಪಟ್ಟಿಗಳು ದಟ್ಟವಾಗಿ ಸೇರಿಕೊಂಡಿರುವುದು ಯಾರ ವಿವರಣೆಯೂ ಇಲ್ಲದೆ ಕಾಣುತ್ತದೆ. ಅವನಿಗೆ ಬೇಕಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ: ಸಾವುಗಳು ಯಾವ ಪಂಪಿನ ಸುತ್ತ ಸೇರಿವೆ? ಆ ಪ್ರಶ್ನೆಗೆ ಸಂಬಂಧವಿಲ್ಲದ ವಿವರವನ್ನು ತುಂಬಿಸಿದ್ದರೆ ಆ ಪಟ್ಟಿಗಳು ಇಷ್ಟು ಸ್ಪಷ್ಟವಾಗಿ ಮಾತಾಡುತ್ತಿರಲಿಲ್ಲ.

ಪ್ರಶ್ನೆಯ ಜೊತೆಗೆ ನಕ್ಷೆಯನ್ನು ಎಲ್ಲಿ ನೋಡುತ್ತಾರೆ ಎಂಬುದನ್ನೂ ಬರೆದುಕೊಳ್ಳಿ. ಕೈಯಲ್ಲಿ ಹಿಡಿಯುವ ಹಾಳೆ, ಗೋಡೆಯ ಭಿತ್ತಿಪತ್ರ, ಮೊಬೈಲ್ ಪರದೆ ಮೂರಕ್ಕೂ ಒಂದೇ ವಿನ್ಯಾಸ ಹೊಂದುವುದಿಲ್ಲ. ಎ4 ಹಾಳೆಗೆಂದು ಮಾಡಿದ ನಕ್ಷೆಯನ್ನು ಹಾಗೆಯೇ ಕುಗ್ಗಿಸಿ ಮೊಬೈಲ್‌ಗೆ ಕಳಿಸಿದರೆ ಅಕ್ಷರಗಳು ಇರುವೆಯ ಸಾಲಿನಂತೆ ಕಾಣುತ್ತವೆ. ಮೊಬೈಲ್‌ಗೆ ಬೇಕಾದರೆ ಬೇರೆ ನಕ್ಷೆಯನ್ನೇ ಮಾಡಿ, ಅದರಲ್ಲಿ ಹೆಸರುಗಳು ಕಡಿಮೆ ಇರಲಿ, ಗೆರೆಗಳು ದಪ್ಪವಿರಲಿ.

ಹಾಳೆ ಮತ್ತು ಅಳತೆ

ಹಾಳೆಯ ಗಾತ್ರವನ್ನು ಮೊದಲೇ ತೀರ್ಮಾನಿಸಿ. ಇದನ್ನು ಕೊನೆಗೆ ಬಿಟ್ಟವರು ಗೆರೆಯ ದಪ್ಪ, ಅಕ್ಷರದ ಗಾತ್ರ, ಹೆಸರಿನ ಜಾಗ ಎಲ್ಲವನ್ನೂ ಎರಡನೆಯ ಸಲ ಮಾಡಬೇಕಾಗುತ್ತದೆ. ಪ್ರದೇಶ ಉದ್ದುದ್ದವಾಗಿದ್ದರೆ ಹಾಳೆ ನಿಂತಿರಲಿ, ಅಗಲವಾಗಿದ್ದರೆ ಮಲಗಿರಲಿ. ನಕ್ಷೆಯ ಚೌಕಟ್ಟಿಗೆ ಹಾಳೆಯ ಬಹುಪಾಲು ಸಿಗಬೇಕು. ಶೀರ್ಷಿಕೆ, ಸೂಚಿ (ಸಂಕೇತಗಳ ಅರ್ಥ ಹೇಳುವ ಪಟ್ಟಿ), ಲಾಂಛನಗಳು ಅರ್ಧ ಹಾಳೆಯನ್ನು ನುಂಗಿ, ನಕ್ಷೆ ಅಂಚೆಚೀಟಿಯಷ್ಟಾಗುವುದನ್ನು ಮೊದಲೇ ತಡೆಯಬೇಕು.

ಈಗ ಲೆಕ್ಕ. ನಮ್ಮ ಪಟ್ಟಣ ಪೂರ್ವ–ಪಶ್ಚಿಮವಾಗಿ 4.2 ಕಿಲೋಮೀಟರ್ ಇದೆ ಎಂದುಕೊಳ್ಳಿ. ನಿಂತಿರುವ ಎ4 ಹಾಳೆಯಲ್ಲಿ ಅಂಚು ಬಿಟ್ಟು ನಕ್ಷೆಗೆ 180 ಮಿಲಿಮೀಟರ್ ಅಗಲ ಸಿಗುತ್ತದೆ. 4,200 ಮೀಟರನ್ನು 0.18 ಮೀಟರಿನಿಂದ ಭಾಗಿಸಿದರೆ 23,333. ಇದನ್ನು ಮೇಲಿನ ದುಂಡು ಸಂಖ್ಯೆಗೆ ಏರಿಸಿ 1:25,000 ಮಾಡಿ. ಸುತ್ತ ಸ್ವಲ್ಪ ಜಾಗ ಉಳಿಯುತ್ತದೆ, ನಕ್ಷೆಯ ಮೇಲಿನ ನಾಲ್ಕು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್ ಎಂಬ ಸುಲಭ ಲೆಕ್ಕವೂ ಸಿಗುತ್ತದೆ. ತಂತ್ರಾಂಶ ತಾನಾಗಿಯೇ ಹೊಂದಿಸಿ ಕೊಡುವ 1:23,871ರಂಥ ಅಳತೆಯನ್ನು ಒಪ್ಪಿಕೊಳ್ಳಬೇಡಿ.

ಅಳತೆ ತೀರ್ಮಾನವಾದ ಕೂಡಲೇ ಒಂದು ಕಠಿಣ ಸತ್ಯ ಎದುರಾಗುತ್ತದೆ. 1:25,000ರಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ 25 ಮೀಟರ್. ಏಳು ಮೀಟರ್ ಅಗಲದ ರಸ್ತೆಯನ್ನು ನಿಜ ಅಳತೆಯಲ್ಲಿ ಎಳೆದರೆ ಗೆರೆ 0.28 ಮಿಲಿಮೀಟರ್ ಆಗುತ್ತದೆ, ಮುಖ್ಯ ರಸ್ತೆಯಾಗಿ ಕಾಣಲು ಅದು ಸಾಲದು. ಕಾಣಲೆಂದು ಒಂದು ಮಿಲಿಮೀಟರ್ ದಪ್ಪ ಎಳೆದರೆ ಆ ಗೆರೆ ನೆಲದ ಮೇಲೆ 25 ಮೀಟರ್ ಆಕ್ರಮಿಸಿಕೊಂಡಂತೆ. ರಸ್ತೆಯ ಪಕ್ಕದಲ್ಲೇ ಕಾಲುವೆ, ಅದರ ಪಕ್ಕದಲ್ಲೇ ರೈಲು ಹಳಿ ಇದ್ದರೆ ಮೂರೂ ಒಂದರ ಮೇಲೊಂದು ಬೀಳುತ್ತವೆ. ಆಗ ಅನುಭವಿ ನಕ್ಷೆಗಾರರು ಮುಖ್ಯವಾದ ಗೆರೆಯನ್ನು ಸ್ವಸ್ಥಾನದಲ್ಲಿ ಬಿಟ್ಟು, ಉಳಿದವನ್ನು ಕೊಂಚ ಪಕ್ಕಕ್ಕೆ ಸರಿಸುತ್ತಾರೆ. ಇದು ಮೋಸವಲ್ಲ. ಕಾಲುವೆಯ ಯಾವ ಬದಿಗೆ ರಸ್ತೆ ಇದೆ ಎಂಬುದು ಓದುಗನಿಗೆ ಬೇಕು, ಅದು ಅರ್ಧ ಮಿಲಿಮೀಟರ್ ಆಚೆ ಈಚೆ ಆದದ್ದು ಅವನ ಗಮನಕ್ಕೂ ಬರುವುದಿಲ್ಲ. ಅಳತೆ ತೆಗೆಯಲು ಬಳಸುವ ಸರ್ವೆ ನಕ್ಷೆಯಲ್ಲಿ ಮಾತ್ರ ಹಾಗೆ ಸರಿಸಬಾರದು.

ಪ್ರಕ್ಷೇಪಣದ, ಅಂದರೆ ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ವಿಧಾನದ ಬಗ್ಗೆ ಇಲ್ಲಿ ಕೆಲವೇ ಮಾತು. ಪಟ್ಟಣದಷ್ಟು ಸಣ್ಣ ಪ್ರದೇಶಕ್ಕೆ, ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ವಿಂಗಡಿಸುವ ಯುಟಿಎಂ ಪ್ರಕ್ಷೇಪಣದಲ್ಲಿ ಆ ಊರು ಬರುವ ವಲಯವನ್ನು ಆರಿಸಿಕೊಂಡರೆ ಸಾಕು. ಅಂತರ್ಜಾಲದ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್ ಅನ್ನು ಹಾಗೆಯೇ ಅಚ್ಚಿಗೆ ತಂದರೆ ದೂರದ ಲೆಕ್ಕ ತಪ್ಪುತ್ತದೆ. ಸಮಭಾಜಕ ವೃತ್ತದ ಬಳಿ ಆ ತಪ್ಪು ಅತ್ಯಲ್ಪ, ಆದರೆ 60 ಡಿಗ್ರಿ ಅಕ್ಷಾಂಶದಲ್ಲಿ ಉದ್ದ ಎರಡು ಪಟ್ಟು, ವಿಸ್ತೀರ್ಣ ನಾಲ್ಕು ಪಟ್ಟು ಹಿಗ್ಗುತ್ತದೆ. ದೇಶಗಳನ್ನೋ ಖಂಡಗಳನ್ನೋ ಬಣ್ಣದಿಂದ ಹೋಲಿಸುವ ನಕ್ಷೆಗೆ ವಿಸ್ತೀರ್ಣದ ಪ್ರಮಾಣ ಕೆಡದ ಸಮಕ್ಷೇತ್ರ ಪ್ರಕ್ಷೇಪಣವೇ ಬೇಕು. 1569ರಲ್ಲಿ ನಕ್ಷೆಗಾರ ಮರ್ಕೇಟರ್ ತನ್ನ ಪ್ರಕ್ಷೇಪಣವನ್ನು ರೂಪಿಸಿದ್ದು ನಾವಿಕರಿಗಾಗಿ, ದಿಕ್ಕಿನ ಕೋನ ಕೆಡದಿರಲೆಂದು. ಅದರ ಮೇಲೆ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಸುಮಾರು 14 ಪಟ್ಟು ದೊಡ್ಡದು.

ತೆಗೆದುಹಾಕುವ ಧೈರ್ಯ

ದತ್ತಾಂಶವನ್ನು ತೆರೆದಾಗ ಪಟ್ಟಣದ ಪ್ರತಿ ಓಣಿ, ಪ್ರತಿ ಕಟ್ಟಡ ಪರದೆಯ ಮೇಲೆ ಬಂದು ಕೂರುತ್ತದೆ. ಎಲ್ಲವನ್ನೂ ಉಳಿಸಿಕೊಳ್ಳಬೇಕೆಂಬ ಆಸೆ ಸಹಜ. ಆದರೆ ರಸ್ತೆ, ಕಟ್ಟಡದಂಥ ಪ್ರತಿಯೊಂದು ಪದರವನ್ನೂ ಮರೆಮಾಡಿ ನೋಡಿ: ಅದು ಇಲ್ಲದಿದ್ದರೆ ನಮ್ಮ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಾಗುತ್ತದೆಯೇ? ಇಲ್ಲವೆಂದಾದರೆ ಅದನ್ನು ತೆಗೆಯಿರಿ. ನಮ್ಮ ಪ್ರವಾಹದ ನಕ್ಷೆಯಲ್ಲಿ ಕಟ್ಟಡಗಳ ಆಕಾರ ಬೇಡ, ಆದರೆ ಎತ್ತರದ ನೀರಿನ ಟ್ಯಾಂಕು, ದೊಡ್ಡ ಸೇತುವೆ, ಬಸ್ ನಿಲ್ದಾಣದಂಥ ಗುರುತುಗಳು ಬೇಕು, ಏಕೆಂದರೆ ಜನ ದಾರಿ ಕೇಳುವುದೂ ಹೇಳುವುದೂ ಅವುಗಳ ಮೂಲಕ.

ಉಳಿದದ್ದನ್ನು ಸರಳಗೊಳಿಸಿ. ನದಿಯ ದಂಡೆಯ ಗೆರೆಯಲ್ಲಿರುವ ಅಂಕುಡೊಂಕುಗಳು ಈ ಅಳತೆಯಲ್ಲಿ ಬರೀ ಒರಟು ಅಂಚಾಗಿ ಕಾಣುತ್ತವೆ; ತಂತ್ರಾಂಶದ ಸರಳೀಕರಣ ಸೌಲಭ್ಯದಿಂದ ಅವನ್ನು ನಯಗೊಳಿಸಿ, ಆದರೆ ದೊಡ್ಡ ತಿರುವುಗಳು ಮಾಯವಾಗದಂತೆ ನೋಡಿಕೊಳ್ಳಿ. ಸರಳೀಕರಣ ಮುಗಿದ ಮೇಲೆ ಒಮ್ಮೆ ಗಮನಿಸಬೇಕಾದದ್ದೆಂದರೆ, ನದಿಯ ಈ ಬದಿಯಲ್ಲಿದ್ದ ಆಶ್ರಯ ತಾಣ ಆ ಬದಿಗೆ ಹೋಗಿರಬಾರದು.

ಸರಳತೆಯನ್ನು ತುದಿಯವರೆಗೂ ಒಯ್ದವನು ಹ್ಯಾರಿ ಬೆಕ್. ವಿದ್ಯುತ್ ಸರ್ಕಿಟ್‌ಗಳ ನಕಾಶೆ ಬರೆಯುವುದು ಅವನ ಕಸುಬು. 1933ರಲ್ಲಿ ಪ್ರಕಟವಾದ ಅವನ ಲಂಡನ್ ಸುರಂಗ ರೈಲಿನ ನಕ್ಷೆಯಲ್ಲಿ ಗೆರೆಗಳು ಅಡ್ಡ, ಉದ್ದ ಅಥವಾ 45 ಡಿಗ್ರಿ ಓರೆಯಾಗಿ ಮಾತ್ರ ಸಾಗುತ್ತವೆ. ನಿಲ್ದಾಣಗಳ ನಡುವಿನ ನಿಜವಾದ ದೂರಕ್ಕೆ ಅಲ್ಲಿ ಬೆಲೆಯಿಲ್ಲ, ನೆಲದ ಮೇಲಿನ ವಿವರಗಳಲ್ಲಿ ಉಳಿದದ್ದು ಥೇಮ್ಸ್ ನದಿ ಒಂದೇ. ಸುರಂಗದೊಳಗೆ ಕುಳಿತ ಪ್ರಯಾಣಿಕನಿಗೆ ಎಲ್ಲಿ ಇಳಿಯಬೇಕು, ಎಲ್ಲಿ ರೈಲು ಬದಲಿಸಬೇಕು ಎಂಬುದಷ್ಟೇ ಬೇಕಿತ್ತು. ನಮ್ಮ ಪ್ರವಾಹದ ನಕ್ಷೆಗೆ ಆ ದಾರಿ ಹಿಡಿಯಬಾರದು. ನೀರಿನ ನಡುವೆ ಮಕ್ಕಳನ್ನು ಎತ್ತಿಕೊಂಡು ನಡೆಯುವವರಿಗೆ ದೂರವೇ ಮುಖ್ಯ. ಎಷ್ಟು ಸರಳಗೊಳಿಸಬಹುದು ಎಂಬುದನ್ನೂ ಮೊದಲು ಬರೆದಿಟ್ಟ ಆ ಪ್ರಶ್ನೆಯೇ ಹೇಳುತ್ತದೆ.

ಮುಂದೆ ಬರಬೇಕಾದದ್ದು, ಹಿಂದೆ ಸರಿಯಬೇಕಾದದ್ದು

ಈಗ ಉಳಿದಿರುವ ಅಂಶಗಳನ್ನು ಮೂರು ಮಟ್ಟಗಳಲ್ಲಿ ವಿಂಗಡಿಸಿ. ಮೊದಲ ಮಟ್ಟದಲ್ಲಿ ಆಶ್ರಯ ತಾಣಗಳು ಮತ್ತು ಅಲ್ಲಿಗೆ ಹೋಗುವ ಸುರಕ್ಷಿತ ರಸ್ತೆಗಳು. ಎರಡನೆಯದರಲ್ಲಿ ಮುಳುಗುವ ಪ್ರದೇಶ, ಮುಳುಗುವ ರಸ್ತೆಗಳು, ನದಿ. ಮೂರನೆಯದರಲ್ಲಿ ಉಳಿದ ಬೀದಿಗಳು, ಗುರುತಿನ ಸ್ಥಳಗಳು. ಮೊದಲ ಮಟ್ಟದ್ದು ಗಾಢವಾಗಿ, ದಪ್ಪವಾಗಿ, ಹಿನ್ನೆಲೆಗೆ ಎದ್ದು ಕಾಣುವಂತೆ ಇರಲಿ. ಮೂರನೆಯದು ತಿಳಿ ಬೂದು ಬಣ್ಣದಲ್ಲಿ, ಹುಡುಕಿದವರಿಗೆ ಸಿಗುವಂತೆ ಇದ್ದರೆ ಸಾಕು.

ಗೆರೆಗಳ ದಪ್ಪದಲ್ಲಿ ವ್ಯತ್ಯಾಸ ಮಾಡುವಾಗ ಹಿಂಜರಿಯಬೇಡಿ. 0.4, 0.5, 0.6 ಮಿಲಿಮೀಟರಿನ ಮೂರು ಗೆರೆಗಳನ್ನು ಕಣ್ಣು ಒಂದೇ ಎಂದು ಎಣಿಸುತ್ತದೆ. 0.2, 0.5, 1.2 ಎಂದು ಇಟ್ಟರೆ ಯಾರಿಗೂ ಅನುಮಾನ ಉಳಿಯುವುದಿಲ್ಲ. ಮುಳುಗುವ ರಸ್ತೆಯನ್ನು ತುಂಡು ಗೆರೆಯಾಗಿ, ಸುರಕ್ಷಿತ ರಸ್ತೆಯನ್ನು ಅಖಂಡ ಗೆರೆಯಾಗಿ ತೋರಿಸಿದರೆ ಬಣ್ಣವಿಲ್ಲದ ಪ್ರತಿಯಲ್ಲೂ ಎರಡು ಬೇರೆಯಾಗಿಯೇ ಉಳಿಯುತ್ತವೆ.

ಉಪಗ್ರಹ ಚಿತ್ರವನ್ನು ಹಿನ್ನೆಲೆಯಾಗಿ ಹಾಕುವ ಅಭ್ಯಾಸ ಬಹಳ ಕಡೆ ಇದೆ, ನನಗೆ ಅದು ಒಪ್ಪಿಗೆಯಿಲ್ಲ. ಗಿಡ, ಛಾವಣಿ, ನೆರಳು, ವಾಹನ ಎಲ್ಲ ಸೇರಿ ಹಿನ್ನೆಲೆಯಲ್ಲಿ ಗದ್ದಲ ತುಂಬುತ್ತದೆ, ಯಾವ ಹೆಸರನ್ನು ಇಟ್ಟರೂ ಅದರ ಮೇಲೆ ನಿಲ್ಲುವುದಿಲ್ಲ. ಬೇಕೇ ಬೇಕು ಎನ್ನುವಾಗ ಚಿತ್ರದ ಬಣ್ಣ ತೆಗೆದು, ಮಸುಕುಗೊಳಿಸಿ, ತೀರಾ ತಿಳಿಯಾಗಿಸಿ ಹಾಕಿ. ಬೆಟ್ಟಗುಡ್ಡಗಳ ನೆರಳನ್ನು ಹಿನ್ನೆಲೆಗೆ ಬಳಸುವುದಾದರೆ ಬೆಳಕು ವಾಯವ್ಯದಿಂದ, ಅಂದರೆ 315 ಡಿಗ್ರಿಯಿಂದ ಬರುವಂತಿರಲಿ. ಭೂಮಿಯ ಉತ್ತರಾರ್ಧದಲ್ಲಿ ಸೂರ್ಯ ಆ ಕಡೆಯಿಂದ ಬೆಳಗುವುದು ಅಪರೂಪ ಎಂಬುದು ನಿಜ. ಆದರೂ ಮೇಲಿನಿಂದ ಬೆಳಕು ಬೀಳುವುದನ್ನೇ ನಮ್ಮ ಕಣ್ಣು ನಿರೀಕ್ಷಿಸುತ್ತದೆ. ಹಾಳೆಯ ಕೆಳಗಿನಿಂದ ಬೆಳಕು ಬಿಟ್ಟರೆ ಕಣಿವೆಗಳು ಬೆಟ್ಟದ ಸಾಲಿನಂತೆ, ಬೆಟ್ಟಗಳು ಕಣಿವೆಯಂತೆ ತಿರುವುಮುರುವಾಗಿ ಕಾಣತೊಡಗುತ್ತವೆ.

ಬಣ್ಣ

ಬಣ್ಣದ ವಿಷಯದಲ್ಲಿ ನೆನಪಿಡಬೇಕಾದ ಮುಖ್ಯ ಭೇದ ಒಂದಿದೆ. ವಸ್ತುಗಳು ಬೇರೆ ಬೇರೆ ಬಗೆಯವು ಎಂದು ತೋರಿಸಲು ಬೇರೆ ಬೇರೆ ಬಣ್ಣಗಳು ಬೇಕು: ನೀರಿಗೆ ನೀಲಿ, ಕಾಡಿಗೆ ಹಸಿರು. ಒಂದೇ ವಸ್ತುವಿನ ಪ್ರಮಾಣ ಹೆಚ್ಚು ಕಡಿಮೆ ಎಂದು ತೋರಿಸಲು ಒಂದೇ ಬಣ್ಣದ ತಿಳಿ–ಗಾಢ ಛಾಯೆಗಳು ಬೇಕು. ನಮ್ಮ ನಕ್ಷೆಯಲ್ಲಿ ನೆರೆಯ ನೀರಿನ ಆಳವನ್ನು ತೋರಿಸುವಾಗ ಮೊಣಕಾಲುದ್ದಕ್ಕೆ ತೀರಾ ತಿಳಿ ನೀಲಿ, ಸೊಂಟದೆತ್ತರಕ್ಕೆ ಸ್ವಲ್ಪ ಗಾಢ ನೀಲಿ, ಆಳುದ್ದಕ್ಕೆ ಇನ್ನೂ ಗಾಢ ನೀಲಿ ಇಟ್ಟರೆ ಸೂಚಿಯನ್ನು ನೋಡುವ ಮೊದಲೇ ಅರ್ಥವಾಗುತ್ತದೆ. ಅದೇ ಜಾಗದಲ್ಲಿ ಹಳದಿ, ಹಸಿರು, ನೇರಳೆ ಇಟ್ಟರೆ ಯಾವುದು ಹೆಚ್ಚು ಆಳವೆಂದು ತಿಳಿಯಲು ಪ್ರತಿ ಸಲವೂ ಸೂಚಿಯ ಕಡೆ ಓಡಬೇಕು. ಕಾಮನಬಿಲ್ಲಿನ ಎಲ್ಲ ಬಣ್ಣಗಳನ್ನು ಸಾಲಾಗಿ ಬಳಸುವ ನಕ್ಷೆಗಳ ತೊಂದರೆಯೇ ಅದು. ಹಳದಿಯ ಪಟ್ಟಿ ನಡುವೆ ಹೊಳೆದು, ದತ್ತಾಂಶದಲ್ಲಿ ಇಲ್ಲದ ಗಡಿಯೊಂದನ್ನು ಹುಟ್ಟಿಸುತ್ತದೆ.

ಸರಾಸರಿಗಿಂತ ಮೇಲೆ ಮತ್ತು ಕೆಳಗೆ ಎಂಬ ಎರಡು ದಿಕ್ಕಿನ ಮಾಹಿತಿಗೆ ಮಾತ್ರ ಎರಡು ಬಣ್ಣಗಳ ಸಾಲು ಹೊಂದುತ್ತದೆ, ನಡುವೆ ತಿಳಿ ಛಾಯೆ, ಎರಡು ತುದಿಗಳಲ್ಲಿ ಗಾಢ. ಇಂಥ ಸಾಲುಗಳನ್ನು ನೀವೇ ಕಲೆಸಿಕೊಂಡು ಕೂರುವ ಅಗತ್ಯವಿಲ್ಲ. ಅಮೆರಿಕದ ಭೂಗೋಳ ಪ್ರಾಧ್ಯಾಪಕಿ ಸಿಂಥಿಯಾ ಬ್ರೂವರ್ ರೂಪಿಸಿದ ಕಲರ್‌ಬ್ರೂವರ್ ಎಂಬ ಬಣ್ಣದ ಸಂಗ್ರಹ ಕ್ಯುಜಿಐಎಸ್‌ನಲ್ಲೇ ಅಡಕವಾಗಿದೆ.

ಕೆಂಪು–ಹಸಿರಿನ ಜೋಡಿಯನ್ನು ದೂರವಿಡಿ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ಶೇ 8ರಷ್ಟು ಮಂದಿಗೆ ಕೆಂಪು ಮತ್ತು ಹಸಿರಿನ ನಡುವಿನ ಭೇದ ಸರಿಯಾಗಿ ಕಾಣುವುದಿಲ್ಲ. ಬೇರೆಡೆ ಈ ಪ್ರಮಾಣ ಕಡಿಮೆಯಿದ್ದರೂ ಯಾವ ಜನಸಮುದಾಯವೂ ಇದಕ್ಕೆ ಹೊರತಲ್ಲ. ಸುರಕ್ಷಿತ ರಸ್ತೆ ಹಸಿರು, ಅಪಾಯದ ರಸ್ತೆ ಕೆಂಪು ಎಂದು ಬಣ್ಣ ಕೊಟ್ಟರೆ ಆ ಜನರಿಗೆ ಎರಡೂ ಒಂದೇ. ನೆರೆಯ ಹೊತ್ತಿನಲ್ಲಿ ಇದು ಜೀವದ ಪ್ರಶ್ನೆ. ನೀಲಿ–ಕಿತ್ತಳೆ ಜೋಡಿ ಬಹುತೇಕ ಎಲ್ಲರಿಗೂ ಬೇರೆಯಾಗಿ ಕಾಣುತ್ತದೆ. ಹಾಗಾಗಿ ನೀರಿಗೆ ನೀಲಿ, ಆಶ್ರಯ ತಾಣಕ್ಕೆ ಗಾಢ ಕಿತ್ತಳೆ, ಸುರಕ್ಷಿತ ರಸ್ತೆಗೆ ಬಹುತೇಕ ಕಪ್ಪು ಎಂಬ ಆಯ್ಕೆ ನಮ್ಮ ನಕ್ಷೆಗೆ ಒಪ್ಪುತ್ತದೆ. ವರ್ಣಾಂಧರ ಕಣ್ಣಿಗೆ ನಕ್ಷೆ ಹೇಗೆ ಕಾಣುತ್ತದೆಂದು ತೋರಿಸುವ ಮುನ್ನೋಟ ಕ್ಯುಜಿಐಎಸ್‌ನಲ್ಲಿ ಇದೆ. ಕಪ್ಪು–ಬಿಳುಪಿನ ಮುನ್ನೋಟವೂ ಅಲ್ಲೇ ಇದೆ, ಅದನ್ನು ಖಂಡಿತ ನೋಡಿ, ಏಕೆಂದರೆ ನಿಮ್ಮ ನಕ್ಷೆಯನ್ನು ಯಾರಾದರೂ ಜೆರಾಕ್ಸ್ ಮಾಡಿಯೇ ಮಾಡುತ್ತಾರೆ.

ಸಂಖ್ಯೆಗಳನ್ನು ನಕ್ಷೆಗೆ ತರುವಾಗ

ವಾರ್ಡುಗಳಿಗೋ ಜಿಲ್ಲೆಗಳಿಗೋ ಬಣ್ಣ ತುಂಬಿ ಅಂಕಿಅಂಶ ತೋರಿಸುವಾಗ ಬಿಡಿ ಎಣಿಕೆಯನ್ನು ಬಳಸಬೇಡಿ, ದರವನ್ನು ಬಳಸಿ. 20,000 ಜನರಿರುವ ವಾರ್ಡಿನಲ್ಲಿ 200 ಮಂದಿ ಕಾಯಿಲೆ ಬಿದ್ದಿದ್ದಾರೆ, 2,000 ಜನರಿರುವ ವಾರ್ಡಿನಲ್ಲಿ 60 ಮಂದಿ ಬಿದ್ದಿದ್ದಾರೆ ಎಂದುಕೊಳ್ಳಿ. ಎಣಿಕೆಯ ನಕ್ಷೆಯಲ್ಲಿ ಮೊದಲನೆಯದೇ ಗಾಢವಾಗಿ ಕಾಣುತ್ತದೆ. ಸಾವಿರಕ್ಕೆ ಎಷ್ಟು ಎಂದು ನೋಡಿದರೆ ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30. ವೈದ್ಯರು ಮೊದಲು ಧಾವಿಸಬೇಕಾದದ್ದು ಎರಡನೆಯ ವಾರ್ಡಿಗೆ. ಬಿಡಿ ಎಣಿಕೆಯನ್ನೇ ತೋರಿಸಬೇಕಿದ್ದರೆ ವೃತ್ತಗಳನ್ನು ಬಳಸಿ, ವೃತ್ತದ ವಿಸ್ತೀರ್ಣ ಸಂಖ್ಯೆಗೆ ಅನುಗುಣವಾಗಿರಲಿ: ಸಂಖ್ಯೆ ನಾಲ್ಕು ಪಟ್ಟಾದರೆ ವ್ಯಾಸ ಎರಡು ಪಟ್ಟಾಗಬೇಕು. ಬಣ್ಣ ತುಂಬುವ ನಕ್ಷೆಯಲ್ಲಿ ಸಂಖ್ಯೆಗಳನ್ನು ಗುಂಪು ಮಾಡಿ ಒಂದೊಂದಕ್ಕೂ ಒಂದು ಛಾಯೆ ಕೊಡುವ ವರ್ಗಗಳು ಐದಿದ್ದರೆ ಹಿತ. ಏಳನ್ನು ದಾಟಿದರೆ ನಕ್ಷೆಯ ಮೇಲಿನ ಛಾಯೆ ಸೂಚಿಯಲ್ಲಿ ಯಾವುದಕ್ಕೆ ಸರಿಹೊಂದುತ್ತದೆಂದು ಯಾರಿಗೂ ಖಚಿತವಾಗಿ ಹೇಳಲು ಬರುವುದಿಲ್ಲ. ವರ್ಗಗಳ ಗಡಿಯನ್ನು ಎಲ್ಲಿ ಇಡುತ್ತೀರೋ ಅದರ ಮೇಲೆ ಇಡೀ ನಕ್ಷೆಯ ಮುಖವೇ ಬದಲಾಗುವುದರಿಂದ, ಒಂದೇ ದತ್ತಾಂಶವನ್ನು ಎರಡು ಮೂರು ಬಗೆಯಲ್ಲಿ ವಿಭಜಿಸಿ ನೋಡಿ ಆಮೇಲೆ ಆರಿಸಿ.

ಹೆಸರುಗಳು

ನಕ್ಷೆಯಲ್ಲಿ ಅತಿ ಹೆಚ್ಚು ಹೊತ್ತು ಬೇಡುವ ಕೆಲಸವಿದು, ಕೊಟ್ಟ ಹೊತ್ತಿಗೆ ಅತಿ ಹೆಚ್ಚು ಫಲ ಕೊಡುವುದೂ ಇದೇ. ತಂತ್ರಾಂಶ ತಾನೇ ಹೆಸರುಗಳನ್ನು ಜೋಡಿಸಿಕೊಡುತ್ತದೆ, ಅದನ್ನು ಮೊದಲ ಕರಡೆಂದು ಮಾತ್ರ ತಿಳಿದು, ಮುಖ್ಯವಾದ ಹೆಸರುಗಳನ್ನೆಲ್ಲ ಕೈಯಾರೆ ಸರಿಪಡಿಸಿ.

ಸ್ವಿಟ್ಜರ್ಲೆಂಡಿನ ನಕ್ಷಾತಜ್ಞ ಎಡ್ವರ್ಡ್ ಇಮ್‌ಹೋಫ್ ಹೆಸರುಗಳನ್ನು ಇಡುವ ಬಗೆಯನ್ನು ಶಾಸ್ತ್ರದಂತೆ ವಿವರಿಸಿದವರು. ಅವರ ಮಾತುಗಳ ಸಾರ ಇಂದಿಗೂ ಹಳತಾಗಿಲ್ಲ: ಹೆಸರನ್ನು ನೋಡಿದ ಕೂಡಲೇ ಅದು ಯಾವುದರ ಹೆಸರೆಂದು ಸಂದೇಹವಿಲ್ಲದೆ ತಿಳಿಯಬೇಕು. ಚುಕ್ಕೆಯಾಗಿ ತೋರಿಸಿದ ಸ್ಥಳಕ್ಕೆ ಹೆಸರಿನ ಅತ್ಯುತ್ತಮ ಜಾಗ ಬಲಕ್ಕೆ, ಕೊಂಚ ಮೇಲೆ. ಅಲ್ಲಿ ಜಾಗವಿಲ್ಲದಿದ್ದರೆ ಬಲಕ್ಕೆ ಕೆಳಗೆ, ಆಮೇಲೆ ಎಡಕ್ಕೆ. ದಂಡೆಯ ಮೇಲಿನ ಊರಿನ ಹೆಸರು ಪೂರ್ತಿಯಾಗಿ ನೆಲದ ಮೇಲೆಯೋ ಪೂರ್ತಿಯಾಗಿ ನೀರಿನ ಮೇಲೆಯೋ ಇರಲಿ, ದಂಡೆಯ ಗೆರೆ ಅಕ್ಷರಗಳ ನಡುವೆ ಹಾದುಹೋಗಬಾರದು. ನದಿಯ ಎಡದಂಡೆಯ ಸ್ಥಳದ ಹೆಸರನ್ನು ಬಲದಂಡೆಯಲ್ಲಿ ಬರೆಯಬಾರದು. ನಮ್ಮ ನಕ್ಷೆಯಲ್ಲಂತೂ ಇದು ನಿಯಮಕ್ಕಿಂತ ಹೆಚ್ಚಿನದು, ಏಕೆಂದರೆ ಸೇತುವೆ ಮುಳುಗಿದಾಗ ಆಚೆ ದಂಡೆಯ ಆಶ್ರಯ ತಾಣ ಇದ್ದರೂ ಇಲ್ಲದಂತೆ.

ನದಿಯ ಹೆಸರು ಅದರ ಹರಿವಿನ ಜೊತೆ ಮೆಲ್ಲನೆ ಬಾಗಲಿ. ನದಿ ನೆಟ್ಟಗಿರುವ ಭಾಗವನ್ನು ಹುಡುಕಿ ಅಲ್ಲಿ ಇಡಿ. ಹಾವಿನಂತೆ ಹೊರಳುವ ಕಡೆ ಇಟ್ಟರೆ ಅಕ್ಷರಗಳು ಒಂದೊಂದು ದಿಕ್ಕಿಗೆ ಮುಖ ಮಾಡುತ್ತವೆ. ನದಿ ಸಪೂರವಿದ್ದರೆ ಹೆಸರು ಗೆರೆಯ ಮೇಲ್ಭಾಗದಲ್ಲಿ ಬರಲಿ. ಹೆಸರು ತಲೆಕೆಳಗಾಗಿ ಓದುವಂತೆ ಎಂದೂ ಆಗಬಾರದು.

ಕನ್ನಡದಲ್ಲಿ ಹೆಸರು ಬರೆಯುವವರು ಗಮನಿಸಬೇಕಾದ ಸಂಗತಿಗಳು ಬೇರೆಯೇ ಇವೆ, ಇಂಗ್ಲಿಷ್ ನಕ್ಷೆಗಳಿಗೆಂದು ಬರೆದ ಸೂತ್ರಗಳು ಇಲ್ಲಿ ಪೂರ್ತಿ ಹೊಂದುವುದಿಲ್ಲ. ಅಲ್ಲಿ ಮುಖ್ಯ ಹೆಸರಿಗೆ ದೊಡ್ಡಕ್ಷರ, ನೀರಿನ ಹೆಸರಿಗೆ ಓರೆ ಅಕ್ಷರ ಎಂಬ ವಾಡಿಕೆ ಇದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವೇ ಇಲ್ಲ, ಕನ್ನಡದ ಅಕ್ಷರವನ್ನು ತಂತ್ರಾಂಶ ಬಲವಂತವಾಗಿ ಓರೆ ಮಾಡಿದರೆ ಅದು ಸೊಟ್ಟಗಾಗಿ ಕಾಣುತ್ತದೆ. ಹಾಗಾಗಿ ನಮಗೆ ಉಳಿಯುವ ಉಪಕರಣಗಳು ಗಾತ್ರ, ದಪ್ಪ, ಬಣ್ಣ. ಆಶ್ರಯ ತಾಣದ ಹೆಸರು 11 ಪಾಯಿಂಟ್, ದಪ್ಪಕ್ಷರ. ಮುಖ್ಯ ರಸ್ತೆ 9 ಪಾಯಿಂಟ್. ಬೀದಿಗಳು 8 ಪಾಯಿಂಟ್, ಬೂದು ಬಣ್ಣ. ನದಿಯ ಹೆಸರು ಗಾಢ ನೀಲಿ. ಇಂಗ್ಲಿಷ್ ಅಕ್ಷರಗಳು 6 ಪಾಯಿಂಟ್‌ನಲ್ಲೂ ಹೇಗೋ ಓದಿಸಿಕೊಳ್ಳುತ್ತವೆ. ಕನ್ನಡದಲ್ಲಿ 8ಕ್ಕಿಂತ ಕೆಳಗೆ ಇಳಿಯುವುದನ್ನು ನಾನು ಒಪ್ಪುವುದಿಲ್ಲ. ‘ಸ್ವಾಸ್ಥ್ಯ ಕೇಂದ್ರ’ ಎಂಬ ಹೆಸರನ್ನು 6 ಪಾಯಿಂಟ್‌ನಲ್ಲಿ ಅಚ್ಚು ಹಾಕಿ ನೋಡಿ: ಸಕಾರದ ಒತ್ತುಗಳು ಶಾಯಿಯಲ್ಲಿ ಕಲೆಸಿಹೋಗಿ ಒಂದು ಮಚ್ಚೆಯಷ್ಟೇ ಉಳಿಯುತ್ತದೆ.

ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಎರಡು ಸಾಲಿನ ಹೆಸರಿಗೆ ಸಾಲುಗಳ ನಡುವೆ ಹೆಚ್ಚು ಜಾಗ ಕೊಡಬೇಕು. ರಸ್ತೆಯ ಗೆರೆಯ ಮೇಲೆ ಹೆಸರು ಇಡುವಾಗಲೂ ಒತ್ತುಗಳು ಗೆರೆಗೆ ತಾಗದಷ್ಟು ಎತ್ತರದಲ್ಲಿ ಇಡಿ. ವಿಶಾಲವಾದ ಪ್ರದೇಶದ ಹೆಸರನ್ನು ಅಕ್ಷರಗಳ ನಡುವೆ ಅಂತರ ಬಿಟ್ಟು ಹರಡುವ ಪದ್ಧತಿಯಿದೆ. ಕನ್ನಡದಲ್ಲಿ ಅದನ್ನು ಮಾಡುವಾಗ ತಂತ್ರಾಂಶ ಒತ್ತನ್ನೋ ದೀರ್ಘವನ್ನೋ ಮೂಲ ಅಕ್ಷರದಿಂದ ಬೇರ್ಪಡಿಸಿಬಿಡಬಹುದು. ಬಾಗಿದ ಗೆರೆಯ ಮೇಲೆ ಹೆಸರು ಕೂರಿಸಿದಾಗಲೂ ಇದೇ ಅಪಾಯ. ಪ್ರತಿ ಹೆಸರನ್ನೂ ಹಿಗ್ಗಿಸಿ ಪರೀಕ್ಷಿಸಿ. ಒಡೆದಿದ್ದರೆ ಅಂತರವನ್ನೂ ಬಾಗುವಿಕೆಯನ್ನೂ ಕೈಬಿಟ್ಟು ನೇರವಾಗಿ ಬರೆಯಿರಿ. ಅಂದಕ್ಕಾಗಿ ಅಕ್ಷರ ಒಡೆಯುವುದು ಸಲ್ಲದು.

ಹೆಸರಿನ ಸುತ್ತ ತೆಳುವಾದ ಅಂಚು ಹಾಕಿದರೆ ಹಿನ್ನೆಲೆಯ ಗೆರೆಗಳಿಂದ ಅದು ಬಿಡಿಸಿಕೊಳ್ಳುತ್ತದೆ. ಅಂಚಿನ ಬಣ್ಣ ಹಿನ್ನೆಲೆಯದೇ ಆಗಿರಲಿ: ತಿಳಿ ನೀಲಿಯ ಮೇಲಿನ ಹೆಸರಿಗೆ ತಿಳಿ ನೀಲಿ ಅಂಚು. ಆಗ ಅಂಚು ಇದೆ ಎಂಬುದೇ ಕಾಣುವುದಿಲ್ಲ, ಅಡ್ಡ ಬಂದ ಗೆರೆ ಮಾತ್ರ ಹೆಸರಿನ ಬಳಿ ಮೆತ್ತಗೆ ಕಡಿದುಹೋಗುತ್ತದೆ. ದಪ್ಪವಾದ ಬಿಳಿ ಅಂಚು ಹಾಕಿದರೆ ನಕ್ಷೆಯ ತುಂಬ ಬಿಳಿ ತೇಪೆಗಳು ಏಳುತ್ತವೆ.

ಎಷ್ಟೇ ಹೊಂದಿಸಿದರೂ ಕೆಲವು ಹೆಸರುಗಳಿಗೆ ಜಾಗ ಸಿಗುವುದಿಲ್ಲ. ಆಗ ಸ್ಥಳಕ್ಕೆ ಒಂದು ಅಂಕಿ ಕೊಟ್ಟು ಹೆಸರನ್ನು ಪಕ್ಕದ ಪಟ್ಟಿಯಲ್ಲಿ ಬರೆಯಬಹುದು. ಪೇಟೆಯ ಕಿಷ್ಕಿಂಧೆಯಂಥ ಭಾಗವಿದ್ದರೆ ಅದನ್ನು ದೊಡ್ಡ ಅಳತೆಯ ಒಳನಕ್ಷೆಯಾಗಿ ಮೂಲೆಯಲ್ಲಿ ತೋರಿಸಬಹುದು.

ನಕ್ಷೆಯ ಸುತ್ತ

ಶೀರ್ಷಿಕೆ ಪ್ರಶ್ನೆಗೆ ಉತ್ತರಿಸುವಂತಿರಲಿ. ‘ಪ್ರವಾಹ ಅಪಾಯ ನಕ್ಷೆ’ ಎಂಬುದಕ್ಕಿಂತ ‘ನೆರೆ ಬಂದಾಗ ಎಲ್ಲಿಗೆ ಹೋಗಬೇಕು’ ಎಂಬುದು ಓದುಗನನ್ನು ನೇರವಾಗಿ ತಟ್ಟುತ್ತದೆ.

ಸೂಚಿಯಲ್ಲಿ ವಿವರಣೆ ಬೇಕಾದ ಸಂಕೇತಗಳು ಮಾತ್ರ ಇರಲಿ. ನದಿಯ ಮೇಲೆ ಹೆಸರು ಬರೆದಿದ್ದೀರಿ, ಮತ್ತೆ ಸೂಚಿಯಲ್ಲಿ ‘ನದಿ’ ಏಕೆ? ಮಹತ್ವದ ಕ್ರಮದಲ್ಲಿ ಜೋಡಿಸಿ, ಆಶ್ರಯ ತಾಣ ಮೊದಲು ಬರಲಿ. ಕಡತಗಳಿಗೆ ಇಟ್ಟ ತಾಂತ್ರಿಕ ಹೆಸರುಗಳು ಹಾಗೆಯೇ ಸೂಚಿಯಲ್ಲಿ ಬಂದು ಕೂತಿರುತ್ತವೆ, ಅವನ್ನು ಓದುಗರ ಭಾಷೆಗೆ ತನ್ನಿ. ಸೂಚಿಯ ಸಂಕೇತ ನಕ್ಷೆಯಲ್ಲಿರುವ ಗಾತ್ರ, ಬಣ್ಣದಲ್ಲೇ ಇರಬೇಕು.

ಅಳತೆಯನ್ನು ಪಟ್ಟಿಯಾಗಿ ತೋರಿಸಿ. ‘1:25,000’ ಎಂದು ಬರೆದ ನಕ್ಷೆಯನ್ನು ಯಾರೋ ಹಿಗ್ಗಿಸಿ ಅಚ್ಚು ಹಾಕಿದ ಕ್ಷಣವೇ ಆ ಬರಹ ಸುಳ್ಳಾಗುತ್ತದೆ, ಪಟ್ಟಿಯಾದರೆ ನಕ್ಷೆಯ ಜೊತೆ ತಾನೂ ಹಿಗ್ಗುತ್ತದೆ. 0, 500 ಮೀಟರ್, 1 ಕಿಲೋಮೀಟರ್ ಎಂಬ ಮೂರು ಗುರುತು ಸಾಕು. ಕಾಲ್ನಡಿಗೆಯವರ ನಕ್ಷೆಯಾದ್ದರಿಂದ ಪಟ್ಟಿಯ ಕೆಳಗೆ ‘ನಡೆದರೆ ಸುಮಾರು 12 ನಿಮಿಷ’ ಎಂಬ ಮಾತು ಇನ್ನಷ್ಟು ಉಪಯುಕ್ತ. ಗಂಟೆಗೆ ಐದು ಕಿಲೋಮೀಟರಿನ ನಡಿಗೆಯಲ್ಲಿ ಒಂದು ಕಿಲೋಮೀಟರಿಗೆ ಅಷ್ಟು ಹೊತ್ತು ಹಿಡಿಯುತ್ತದೆ.

ಉತ್ತರದ ಬಾಣ ಸಣ್ಣದಾಗಿ, ಸರಳವಾಗಿ ಇರಲಿ. ಖಂಡಗಳನ್ನೋ ಇಡೀ ಭೂಮಿಯನ್ನೋ ತೋರಿಸುವ ನಕ್ಷೆಯಲ್ಲಿ ಬಾಣ ಹಾಕುವುದೇ ಬಹಳ ಸಲ ತಪ್ಪು, ರೇಖಾಂಶಗಳು ಬಾಗುವ ಪ್ರಕ್ಷೇಪಣದಲ್ಲಿ ಉತ್ತರ ದಿಕ್ಕು ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಬೀದಿಯಲ್ಲಿ ನೆಡುವ ‘ನೀವು ಇಲ್ಲಿದ್ದೀರಿ’ ಫಲಕಕ್ಕೆ ಬೇರೆ ನಿಯಮ: ಫಲಕದ ಎದುರು ನಿಂತವನ ಮುಂದಿರುವ ದಿಕ್ಕು ನಕ್ಷೆಯ ಮೇಲ್ಭಾಗವಾಗಬೇಕು, ಉತ್ತರ ಎಲ್ಲಿದ್ದರೂ ಸರಿ. ಒಂದೇ ಮುದ್ರಿತ ನಕ್ಷೆಯನ್ನು ನಾಲ್ಕು ದಿಕ್ಕಿಗೆ ಮುಖ ಮಾಡಿದ ನಾಲ್ಕು ಫಲಕಗಳಿಗೆ ಅಂಟಿಸಿದರೆ ಮೂರು ಕಡೆ ಜನ ದಾರಿ ತಪ್ಪುತ್ತಾರೆ.

ದತ್ತಾಂಶ ಯಾವ ಕಾಲದ್ದು, ಎಲ್ಲಿಂದ ಬಂದದ್ದು ಎಂಬುದನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆಯಿರಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶ ಬಳಸಿದ್ದರೆ ಅದರ ಕೊಡುಗೆದಾರರನ್ನು ಹೆಸರಿಸುವುದು ಪರವಾನಗಿಯ ಷರತ್ತು. ನಕ್ಷೆ ಮಾಡಿದ ದಿನ ಮತ್ತು ದತ್ತಾಂಶದ ದಿನ ಬೇರೆ ಬೇರೆ, ಎರಡನ್ನೂ ಕೊಡಿ. ಕಳೆದ ವರ್ಷ ಕಟ್ಟಿದ ಸೇತುವೆ ನಕ್ಷೆಯಲ್ಲಿ ಏಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇರುತ್ತದೆ.

ಇವನ್ನೆಲ್ಲ ಒಂದೊಂದು ಪೆಟ್ಟಿಗೆಯೊಳಗೆ ಕೂಡಿಹಾಕುವ ಅಗತ್ಯವಿಲ್ಲ. ಅಂಚುಗಳು ಒಂದೇ ನೇರದಲ್ಲಿ ಬರುವಂತೆ ಜೋಡಿಸಿ, ನಡುವೆ ಖಾಲಿ ಜಾಗ ಬಿಟ್ಟರೆ ಸಾಕು.

ಅಚ್ಚಿಗೆ ಕಳಿಸುವ ಮುನ್ನ

ಪರದೆಯ ಮೇಲೆ ನೋಡಿ ತೃಪ್ತರಾಗಬೇಡಿ. ನಿಜವಾದ ಗಾತ್ರದಲ್ಲಿ ಒಂದು ಪ್ರತಿಯನ್ನು ಅಚ್ಚು ಹಾಕಿ, ಮಂದ ಬೆಳಕಿನಲ್ಲಿ ನೋಡಿ. ಪರದೆಯ ಹೊಳಪು ಕಾಗದಕ್ಕೆ ಬರುವುದಿಲ್ಲ. ಅಲ್ಲಿ ಬೇರೆಯಾಗಿ ಕಂಡ ಎರಡು ತಿಳಿ ನೀಲಿಗಳು ಕಾಗದದಲ್ಲಿ ಒಂದಾಗಿರಬಹುದು. ಗೋಡೆಗೆ ಹಾಕುವ ಎ1 ಗಾತ್ರದ ಭಿತ್ತಿಪತ್ರವಾದರೆ ಅದನ್ನು ಎ4ಗೆ ಕುಗ್ಗಿಸಿ ಅಚ್ಚು ಹಾಕಿ, 70 ಸೆಂಟಿಮೀಟರ್ ದೂರದಲ್ಲಿ ಹಿಡಿದು ಓದಿ. ಎರಡು ಮೀಟರ್ ದೂರದಿಂದ ಗೋಡೆಯ ಭಿತ್ತಿಪತ್ರ ಕಾಣುವುದು ಹೆಚ್ಚುಕಡಿಮೆ ಅಷ್ಟೇ ಗಾತ್ರದಲ್ಲಿ.

ಪಿಡಿಎಫ್ ಮಾಡುವಾಗ ಅಕ್ಷರಗಳನ್ನು ಗೆರೆರೂಪಕ್ಕೆ ಬದಲಿಸುವ ಆಯ್ಕೆಯನ್ನು ಆರಿಸಿಕೊಳ್ಳಿ. ಮುದ್ರಣಾಲಯದ ಕಂಪ್ಯೂಟರಿನಲ್ಲಿ ನಿಮ್ಮ ಕನ್ನಡ ಫಾಂಟ್ ಇಲ್ಲದಿದ್ದರೂ ಆಗ ಹೆಸರುಗಳು ಕೆಡುವುದಿಲ್ಲ. ಚಿತ್ರವಾಗಿ ಕಳಿಸುವುದಾದರೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ ಇರಲಿ, ಎ4 ಹಾಳೆಗೆ ಅದು 2480 × 3508 ಪಿಕ್ಸೆಲ್‌ಗಳಾಗುತ್ತದೆ.

ಆಮೇಲೆ, ಈ ನಕ್ಷೆಯನ್ನು ಹಿಂದೆಂದೂ ನೋಡಿರದ ಒಬ್ಬರ ಕೈಗೆ ಕೊಡಿ. ವಿವರಿಸಬೇಡಿ. ಒಂದು ಬೀದಿಯ ಹೆಸರು ಹೇಳಿ, ‘ಇಲ್ಲಿಂದ ಎಲ್ಲಿಗೆ ಹೋಗುತ್ತೀರಿ, ಯಾವ ದಾರಿಯಲ್ಲಿ?’ ಎಂದು ಕೇಳಿ, ಅವರ ಬೆರಳು ಓಡುವುದನ್ನು ಗಮನಿಸಿ. ಬೆರಳು ಸೂಚಿಗೆ ಮತ್ತೆ ಮತ್ತೆ ಹೋದರೆ ಸಂಕೇತಗಳು ತಾವೇ ಮಾತಾಡುತ್ತಿಲ್ಲ ಎಂದರ್ಥ. ಬೀದಿ ಸಿಗದೆ ಬೆರಳು ಅಲೆದರೆ ಹೆಸರುಗಳ ಗಾತ್ರವೋ ಗುರುತಿನ ಸ್ಥಳಗಳೋ ಸಾಲದು. ಮುಳುಗುವ ರಸ್ತೆಯ ಮೇಲೆ ಬೆರಳು ಸಲೀಸಾಗಿ ಸಾಗಿದರೆ ತುಂಡು ಗೆರೆಯನ್ನು ಇನ್ನಷ್ಟು ಮಸುಕುಗೊಳಿಸಿ, ನೀರಿನ ಛಾಯೆಯನ್ನು ಗಾಢಗೊಳಿಸಿ, ಮತ್ತೊಂದು ಪ್ರತಿ ತೆಗೆದು ಇನ್ನೊಬ್ಬರ ಕೈಗೆ ಕೊಡಿ. ಒಮ್ಮೆ ನೋಡಿದವರಿಗೆ ದಾರಿ ಆಗಲೇ ಗೊತ್ತಿರುತ್ತದೆ, ಆದ್ದರಿಂದ ಪ್ರತಿ ತಿದ್ದುಪಡಿಗೂ ಹೊಸಬರೇ ಬೇಕು.